ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ?

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. 2014ರಿಂದ ಈಚೆಗೆ ಬಂದ 11.6 ಇಂಚಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಈ ಮಟ್ಟ ಮುಟ್ಟುವುದಿಲ್ಲ. ಹಾಗಾಗಿ ಅವೆಲ್ಲ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದು ಬೀಳುತ್ತಿವೆ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸುತ್ತಾಡಿದರೆ ಒಂದಲ್ಲ ಒಂದು ಕಣ್ಣಿಗೆ ಬೀಳುತ್ತದೆ. ನೋಡೋಕೆ ಮುದ್ದಾಗಿರುತ್ತವೆ, ಫ್ಯಾನ್ ಇಲ್ಲ, ಸದ್ದಿಲ್ಲ, ಬ್ಯಾಗಿನಲ್ಲಿ ಭಾರವೂ ಇಲ್ಲ. ‘ಲಿನಕ್ಸ್ ಹಾಕಿದರೆ ಆಯ್ತು’ ಅಂತ ಕೊಂಡುಕೊಂಡವರು ಎರಡು ದಿನ ಒದ್ದಾಡಿ, ‘ಇದರಲ್ಲಿ ಲಿನಕ್ಸ್ ಓಡಲ್ಲ’ ಅಂತ ಕೈಬಿಡುತ್ತಾರೆ.

ಓಡುತ್ತದೆ. ಆದರೆ ದೊಡ್ಡ ಲ್ಯಾಪ್‌ಟಾಪ್‌ನಲ್ಲಿ ಓಡಿದಷ್ಟು ಸಲೀಸಾಗಿ ಓಡುವುದಿಲ್ಲ. ಯಾಕೆಂದರೆ ಒಳಗಡೆ ಇವು ಲ್ಯಾಪ್‌ಟಾಪ್‌ಗಳೇ ಅಲ್ಲ, ಕೀಬೋರ್ಡ್ ಅಂಟಿಸಿದ ಟ್ಯಾಬ್ಲೆಟ್‌ಗಳು. ಇದೊಂದು ಗೊತ್ತಿದ್ದರೆ ಇವುಗಳ ಅರ್ಧಕ್ಕರ್ಧ ವಿಚಿತ್ರ ವರ್ತನೆಗೆ ಕಾರಣ ತಿಳಿಯುತ್ತದೆ.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ 2016ರಲ್ಲಿ 9,999 ರೂಪಾಯಿಗೆ ಬಂದ ಐಬಾಲ್ ಕಾಂಪ್‌ಬುಕ್ ಎಕ್ಸಲೆನ್ಸ್. ಇಂಟೆಲ್ ಆಟಮ್ ಝಡ್3735ಎಫ್ ಪ್ರೊಸೆಸರ್, 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್. ಇದೇ ಪ್ರೊಸೆಸರ್ 2014ರ ಏಸಸ್ ಈಬುಕ್ ಎಕ್ಸ್205ಟಿಎಯಲ್ಲೂ ಇದೆ. ಆಗ ಬಂದ ಹತ್ತಾರು ವಿಂಡೋಸ್ ಟ್ಯಾಬ್ಲೆಟ್‌ಗಳಲ್ಲೂ ಇದೆ. ಈ ಪೀಳಿಗೆಗೆ ಇಂಟೆಲ್ ಇಟ್ಟ ಹೆಸರು ಬೇ ಟ್ರೇಲ್. ಈ ಲೇಖನ ಮುಖ್ಯವಾಗಿ ಇವುಗಳ ಬಗ್ಗೆ.

ಅದಕ್ಕೂ ಹಿಂದೆ, 2008ರಿಂದ ಸುಮಾರು 2012ರವರೆಗೆ ಬಂದ ನೆಟ್‌ಬುಕ್‌ಗಳ ಕಥೆಯೇ ಬೇರೆ. ಆಟಮ್ ಎನ್270 ಇದ್ದರೆ ಅದು ಅಪ್ಪಟ 32 ಬಿಟ್ ಪ್ರೊಸೆಸರ್. ಅದಕ್ಕೆ ಸಾಮಾನ್ಯ ವಿಧಾನದಲ್ಲಿ ಹಾಕಬಹುದಾದ ಕೊನೆಯ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಎಂದರೆ 12ನೆಯ ಆವೃತ್ತಿ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಲಿನಕ್ಸ್‌ನ ತಿರುಳಾದ ಕರ್ನೆಲ್ಲೂ ಇಲ್ಲ. ಇನ್ನು ಆಟಮ್ ಎನ್2600, ಎನ್2800 ಇರುವ ನೆಟ್‌ಬುಕ್ ಯಾರಾದರೂ ತೋರಿಸಿದರೆ ನನ್ನ ಸಲಹೆ ಇಷ್ಟೇ, ತಗೋಬೇಡಿ. ಅದರ ಗ್ರಾಫಿಕ್ಸ್ ಪವರ್‌ವಿಆರ್ ಮೂಲದ್ದು. ಅದಕ್ಕೆ ಲಿನಕ್ಸ್‌ನಲ್ಲಿ ಸರಿಯಾದ ಡ್ರೈವರ್ ಬರಲೇ ಇಲ್ಲ.

ಮುಂದೆ ಹೋಗುವ ಮುನ್ನ ಒಂದು ಮಾತು. ಕಮಾಂಡು, ಫೈಲಿನ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಬಟನ್ ಒತ್ತಿದ ಮೇಲೆ ಕಂಪ್ಯೂಟರ್ ಏಳುವುದು ರಿಲೇ ಓಟದ ಹಾಗೆ. ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ ಎದ್ದು, ಬೂಟ್‌ಲೋಡರನ್ನು ಹುಡುಕಿ ಅದರ ಕೈಗೆ ಕೋಲು ಕೊಡುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಆ ಬೂಟ್‌ಲೋಡರ್ ಗ್ರಬ್. ಗ್ರಬ್ ಕರ್ನೆಲ್ಲಿಗೆ ಕೊಡುತ್ತದೆ. ಕರ್ನೆಲ್ ಡಿಸ್ಕನ್ನು ಹುಡುಕಿ, ರೂಟ್ ಫೈಲ್‌ಸಿಸ್ಟಂ ತೆರೆದು, ಉಳಿದ ಸೇವೆಗಳನ್ನು ಎಬ್ಬಿಸುತ್ತದೆ. ಕೊನೆಗೆ ಡೆಸ್ಕ್‌ಟಾಪ್ ಬರುತ್ತದೆ.

ಸಹಾಯ ಕೇಳುವವರು ಹೆಚ್ಚಾಗಿ ಹೇಳುವುದು ‘ಬ್ಲ್ಯಾಕ್ ಸ್ಕ್ರೀನ್ ಬರ್ತಿದೆ’ ಅಂತ. ಆದರೆ ಯಾವ ಘಟ್ಟದ ಕಪ್ಪು? ಪೆನ್‌ಡ್ರೈವ್ ಬೂಟ್ ಮೆನುವಿನಲ್ಲೇ ಕಾಣದಿದ್ದರೆ ತಪ್ಪು ಫರ್ಮ್‌ವೇರ್ ಘಟ್ಟದಲ್ಲಿದೆ. ಗ್ರಬ್ ಮೆನು ಬಂದು, ಎಂಟರ್ ಒತ್ತಿದ ಮೇಲೆ ಕಪ್ಪಾದರೆ ಕರ್ನೆಲ್ ಅಥವಾ ಗ್ರಾಫಿಕ್ಸ್ ಡ್ರೈವರ್. ಅಕ್ಷರಗಳು ಓಡಿ ‘ಇನಿಟ್‌ರಾಮ್‌ಎಫ್‌ಎಸ್’ ಅನ್ನೋ ಪ್ರಾಂಪ್ಟಿನಲ್ಲಿ ನಿಂತರೆ ಕರ್ನೆಲ್ಲಿಗೆ ಡಿಸ್ಕ್ ಸಿಕ್ಕಿಲ್ಲ. ಲಾಗಿನ್ ಆದ ಮೇಲೆ ಸ್ಕ್ರೀನ್ ಖಾಲಿಯಾದರೆ ಡೆಸ್ಕ್‌ಟಾಪಿನ ಸಮಸ್ಯೆ. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಘಟ್ಟ ಗುರುತಿಸದೆ ಸಿಕ್ಕಸಿಕ್ಕ ಕಮಾಂಡು ಹಾಕುತ್ತಾ ಹೋದರೆ ಮೊದಲಿದ್ದ ಒಂದು ತೊಂದರೆ ಜೊತೆಗೆ ಇನ್ನೆರಡು ಸೇರಿಕೊಳ್ಳುತ್ತವೆ.

ಪೆನ್‌ಡ್ರೈವ್ ಕಾಣುತ್ತಿಲ್ಲ

ಈ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಅದಕ್ಕೆ ಸ್ವಲ್ಪ ಹಳೆಯ ಹಿನ್ನೆಲೆ ಬೇಕು.

ಝಡ್3735ಎಫ್ 64 ಬಿಟ್ ಪ್ರೊಸೆಸರ್. ಆದರೆ ಅದನ್ನಿಟ್ಟು ಮಾಡಿದ ಬಹುತೇಕ ಯಂತ್ರಗಳಲ್ಲಿ ಹಳೆಯ ಬಯಾಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಫರ್ಮ್‌ವೇರ್ 32 ಬಿಟ್. 2014ರಲ್ಲಿ ಮೈಕ್ರೋಸಾಫ್ಟ್ ಅಗ್ಗದ ಯಂತ್ರಗಳಿಗೆಂದು ‘ವಿಂಡೋಸ್ 8.1 ವಿತ್ ಬಿಂಗ್’ ಎಂಬ ಆವೃತ್ತಿಯನ್ನು ತಯಾರಕರಿಗೆ ತೀರಾ ಅಗ್ಗಕ್ಕೆ ಕೊಟ್ಟಿತು. 2 ಜಿಬಿ ರ‍್ಯಾಮ್, 32 ಜಿಬಿ ಜಾಗದಲ್ಲಿ 32 ಬಿಟ್ ವಿಂಡೋಸ್ ಕಡಿಮೆ ಜಾಗ ತಿನ್ನುತ್ತದೆ. ವಿಂಡೋಸ್‌ಗೆ ಒಂದು ನಿಯಮವಿದೆ. ಯುಇಎಫ್‌ಐನಲ್ಲಿ ಬೂಟ್ ಆಗಬೇಕಾದರೆ ಫರ್ಮ್‌ವೇರ್ ಎಷ್ಟು ಬಿಟ್ಟೋ ವಿಂಡೋಸ್ ಕೂಡ ಅಷ್ಟೇ ಬಿಟ್ ಇರಬೇಕು. ಹಾಗಾಗಿ ತಯಾರಕರು ಫರ್ಮ್‌ವೇರನ್ನೂ 32 ಬಿಟ್ ಮಾಡಿಬಿಟ್ಟರು. ಹಳೆಯ ಬಯಾಸ್ ಮೋಡ್ ಕೂಡ ಇಡಲಿಲ್ಲ.

ಈಗ ನೀವು ಉಬುಂಟು ಎಂಬ ಲಿನಕ್ಸ್‌ನ ಪೆನ್‌ಡ್ರೈವ್ ಚುಚ್ಚುತ್ತೀರಿ. ಫರ್ಮ್‌ವೇರ್ ಅದರಲ್ಲಿ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್ ತೆರೆದು ನೋಡುತ್ತದೆ. 64 ಬಿಟ್ ಫರ್ಮ್‌ವೇರ್ ಹುಡುಕುವುದು ‘ಬೂಟ್‌ಎಕ್ಸ್64.ಇಎಫ್‌ಐ’ ಫೈಲನ್ನು. 32 ಬಿಟ್ ಫರ್ಮ್‌ವೇರ್ ಹುಡುಕುವುದು ‘ಬೂಟ್‌ಐಎ32.ಇಎಫ್‌ಐ’ ಫೈಲನ್ನು. ಎರಡನೆಯದು ಇಲ್ಲದಿದ್ದರೆ ಅದರ ಪಾಲಿಗೆ ಆ ಪೆನ್‌ಡ್ರೈವ್‌ನಲ್ಲಿ ಏನೂ ಇಲ್ಲ. ತಪ್ಪಾಗಿದೆ ಅಂತಲೂ ಹೇಳುವುದಿಲ್ಲ. ಸುಮ್ನೆ ವಿಂಡೋಸ್‌ಗೆ ಹೋಗಿಬಿಡುತ್ತದೆ. ನೀವು ಪೆನ್‌ಡ್ರೈವ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ತರುತ್ತೀರಿ.

ನಿಮ್ಮ ಯಂತ್ರ ಇಂಥದ್ದೇ ಹೌದಾ ಅಂತ ಅಳಿಸುವ ಮೊದಲೇ ತಿಳಿಯಬಹುದು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ತೆರೆಯಿರಿ. ‘32 ಬಿಟ್ ಆಪರೇಟಿಂಗ್ ಸಿಸ್ಟಂ, ಎಕ್ಸ್64 ಪ್ರೊಸೆಸರ್’ ಎಂಬ ಅರ್ಥದ ಸಾಲು ಇದೆಯಾ? ಆಮೇಲೆ ಸಿಸ್ಟಂ ಇನ್ಫರ್ಮೇಶನ್‌ನಲ್ಲಿ ‘ಬಯಾಸ್ ಮೋಡ್’ ಎದುರು ಯುಇಎಫ್‌ಐ ಅಂತಿದೆಯಾ? ಎರಡೂ ಇದ್ದರೆ ಲೆಕ್ಕ ಸರಳ. ವಿಂಡೋಸ್ 32 ಬಿಟ್, ಅದು ಯುಇಎಫ್‌ಐನಲ್ಲೇ ಎದ್ದಿದೆ, ಅಂದಮೇಲೆ ಫರ್ಮ್‌ವೇರೂ 32 ಬಿಟ್. ಈಗಾಗಲೇ ಯಾವುದಾದರೂ ಲಿನಕ್ಸ್ ಓಡುತ್ತಿದ್ದರೆ ಸಿಸ್, ಫರ್ಮ್‌ವೇರ್, ಇಎಫ್‌ಐ ಫೋಲ್ಡರುಗಳ ಒಳಗಿರುವ ‘ಎಫ್‌ಡಬ್ಲ್ಯೂ_ಪ್ಲಾಟ್‌ಫಾರ್ಮ್_ಸೈಜ್’ ಫೈಲನ್ನು ಓದಿ. 32 ಅಥವಾ 64 ಅಂತ ನೇರವಾಗಿ ಹೇಳುತ್ತದೆ.

32 ಬಿಟ್ ಫರ್ಮ್‌ವೇರ್ ಅಂದ ಮಾತ್ರಕ್ಕೆ 32 ಬಿಟ್ ಲಿನಕ್ಸ್ ಹಾಕಬೇಕಿಲ್ಲ. 2014ರಲ್ಲಿ ಬಂದ ಲಿನಕ್ಸ್ ಕರ್ನೆಲ್ 3.15ರಿಂದ 32 ಬಿಟ್ ಫರ್ಮ್‌ವೇರಿನ ಮೇಲೆ 64 ಬಿಟ್ ಕರ್ನೆಲ್ ಓಡಿಸುವ ಸೌಲಭ್ಯವಿದೆ. ಇದಕ್ಕೆ ಮಿಕ್ಸೆಡ್ ಮೋಡ್ ಅನ್ನುತ್ತಾರೆ. ವಿಂಡೋಸ್‌ಗೆ ಆಗದ ಕೆಲಸ ಇದು. ಡೆಬಿಯನ್ 2015ರ ಎಂಟನೇ ಆವೃತ್ತಿಯಿಂದಲೇ ಇದನ್ನು ತನ್ನ ಇನ್‌ಸ್ಟಾಲರ್‌ನಲ್ಲಿ ಸೇರಿಸಿಕೊಂಡಿದೆ. ಈ ಯಂತ್ರಗಳಿಗೆ ನಾನು ಡೆಬಿಯನ್ನನ್ನೇ ಹೇಳುವುದು ಈ ಕಾರಣಕ್ಕೆ. ಯಾವ ಡಿಸ್ಟ್ರೋ (ಲಿನಕ್ಸ್‌ನ ಬಗೆ) ಆದರೂ ಸರಿ, ಪೆನ್‌ಡ್ರೈವ್ ಬರೆದ ಮೇಲೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಆ ‘ಬೂಟ್‌ಐಎ32.ಇಎಫ್‌ಐ’ ಫೈಲ್ ಇದೆಯೇ ನೋಡಿ. ಇದ್ದರೆ ಮುಂದುವರಿಯಿರಿ.

ಆ ಫೈಲೊಂದನ್ನು ಎಲ್ಲಿಂದಲೋ ತಂದು ಪೆನ್‌ಡ್ರೈವ್‌ಗೆ ಸೇರಿಸುವ ಉಪಾಯ ತುಂಬ ಕಡೆ ಸಿಗುತ್ತದೆ. ಅದರಿಂದ ಇನ್‌ಸ್ಟಾಲರ್ ಏಳುತ್ತದೆ, ನಿಜ. ಆದರೆ ಅದು ಕೊನೆಗೆ ಡಿಸ್ಕಿಗೆ ಹಾಕುವುದು 64 ಬಿಟ್ ಗ್ರಬ್ಬನ್ನೇ. ಆಗ ರೀಬೂಟ್ ಆದಮೇಲೆ ಮತ್ತೆ ಅದೇ ಗೋಳು. ಅಲ್ಲಿಂದ ಲೈವ್ (ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ) ಪೆನ್‌ಡ್ರೈವ್‌ನಲ್ಲಿ ಎದ್ದು, ಸಿಎಚ್‌ರೂಟ್ ಕಮಾಂಡಿನಿಂದ ಡಿಸ್ಕಿನೊಳಗಿನ ಸಿಸ್ಟಂಗೆ ಹೋಗಿ, 32 ಬಿಟ್ ಇಎಫ್‌ಐ ಗ್ರಬ್ ಹಾಕಬೇಕು. ಆಗದ ಕೆಲಸವೇನಲ್ಲ, ಆದರೆ ಹೊಸಬರಿಗೆ ಬೇಡದ ತಲೆನೋವು.

ಫೈಲ್ ಇದ್ದೂ ಪೆನ್‌ಡ್ರೈವ್ ಕಾಣದಿದ್ದರೆ? ಫರ್ಮ್‌ವೇರ್ ಸೆಟ್ಟಿಂಗಿಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಫಾಸ್ಟ್ ಬೂಟ್ ಆಫ್ ಮಾಡಿ. ಫಾಸ್ಟ್ ಬೂಟ್ ಆನ್ ಇದ್ದರೆ ಕೆಲವು ಯಂತ್ರಗಳು ಯುಎಸ್‌ಬಿ ಕಡೆ ತಿರುಗಿಯೂ ನೋಡುವುದಿಲ್ಲ. ಯಾವ ಕೀ ಒತ್ತಿದರೆ ಸೆಟ್ಟಿಂಗ್ ಬರುತ್ತದೆ ಅನ್ನುವುದು ಒಂದೊಂದರಲ್ಲಿ ಒಂದೊಂದು. ಎಸ್ಕೇಪ್, ಡಿಲೀಟ್, ಎಫ್2, ಎಫ್7, ಎಫ್12 ಇವುಗಳಲ್ಲೊಂದು. ಯಾವುದೂ ಸಿಗದಿದ್ದರೆ ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಬರುವ ನೀಲಿ ಮೆನುವಿನಿಂದ ಯುಇಎಫ್‌ಐ ಸೆಟ್ಟಿಂಗಿಗೆ ಹೋಗಬಹುದು. ಇಷ್ಟಾದರೂ ಆಗದಿದ್ದರೆ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದ್ದೀರಾ ನೋಡಿ. ಅದನ್ನು ರೂಫಸ್‌ನಂಥ ಟೂಲಿನಿಂದಲೇ ಬರೆಯಬೇಕು.

ಅಳಿಸುವ ಮೊದಲು ಎರಡು ಕೆಲಸ

ವಿಂಡೋಸ್ ಅಳಿಸುವ ಆತುರದಲ್ಲಿ ಎರಡು ವಿಷಯ ಮರೆತುಹೋಗುತ್ತವೆ. ವಿಂಡೋಸ್, ಸಿಸ್ಟಂ32, ಡ್ರೈವರ್‌ಸ್ಟೋರ್ ಹಾದಿಯಲ್ಲಿರುವ ಫೋಲ್ಡರನ್ನು, ಪಕ್ಕದ ‘ಡ್ರೈವರ್ಸ್’ ಫೋಲ್ಡರನ್ನೂ ಎಲ್ಲಾದರೂ ಕಾಪಿ ಮಾಡಿಟ್ಟುಕೊಳ್ಳಿ. ವೈಫೈ ಚಿಪ್‌ನ ಹೊಂದಾಣಿಕೆ ಫೈಲು, ಟಚ್ ಸ್ಕ್ರೀನ್ ಇದ್ದರೆ ಅದರ ಫರ್ಮ್‌ವೇರು ಕೆಲವು ಸಲ ಅಲ್ಲಿ ಮಾತ್ರ ಸಿಗುತ್ತದೆ. ಹೆಸರಿಲ್ಲದ ಕಂಪನಿಯ ಯಂತ್ರವಾದರೆ ಇದನ್ನು ಬಿಡಲೇಬೇಡಿ. ವಿಂಡೋಸ್ ಲೈಸೆನ್ಸ್ ಕೀ ಬಗ್ಗೆ ಚಿಂತೆ ಬೇಡ. ಜೊತೆಗೇ ವಿಂಡೋಸ್ ಬಂದ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಫರ್ಮ್‌ವೇರಿನಲ್ಲೇ ಇರುತ್ತದೆ.

ಎರಡನೆಯದು, ಸ್ಟೋರೇಜಿನ ಆರೋಗ್ಯ. ಇವುಗಳಲ್ಲಿ ಹಾರ್ಡ್ ಡಿಸ್ಕೂ ಇಲ್ಲ, ಎಸ್‌ಎಸ್‌ಡಿಯೂ ಇಲ್ಲ. ಇರುವುದು ಇಎಂಎಂಸಿ, ಅಂದರೆ ಬೋರ್ಡಿಗೆ ಬೆಸುಗೆ ಹಾಕಿದ ಒಂದು ಫ್ಲ್ಯಾಶ್ ಚಿಪ್. ಬಿಚ್ಚಿ ಬದಲಾಯಿಸಲು ಆಗುವುದಿಲ್ಲ. ಫ್ಲ್ಯಾಶ್‌ಗೆ ಬರೆಯುವಷ್ಟೂ ಸವೆತ. 32 ಜಿಬಿ ಚಿಪ್‌ನಲ್ಲಿ ವರ್ಷಗಟ್ಟಲೆ ವಿಂಡೋಸ್ ಅಪ್‌ಡೇಟ್ ಬರೆದು ಅಳಿಸಿ ಬರೆದು ಆಗಿದೆ. ಅದು ಎಷ್ಟು ಸವೆದಿದೆ ಅಂತ ಚಿಪ್ಪನ್ನೇ ಕೇಳಬಹುದು. ಲೈವ್ ಲಿನಕ್ಸ್‌ನಲ್ಲಿ ಸಿಸ್, ಬ್ಲಾಕ್, ಎಂಎಂಸಿಬಿಎಲ್‌ಕೆ0, ಡಿವೈಸ್ ಹಾದಿಯಲ್ಲಿ ‘ಲೈಫ್_ಟೈಮ್’ ಎಂಬ ಫೈಲಿದೆ. ಇಎಂಎಂಸಿ 5.0 ಅಥವಾ ಹೊಸದಾದರೆ ಅದರಲ್ಲಿ ಎರಡು ಸಂಖ್ಯೆ ಸಿಗುತ್ತವೆ. 0ಎಕ್ಸ್01 ಅಂದರೆ ಆಯಸ್ಸಿನ ಹತ್ತು ಶೇಕಡದೊಳಗೆ ಖರ್ಚಾಗಿದೆ. 0ಎಕ್ಸ್02 ಅಂದರೆ ಹತ್ತರಿಂದ ಇಪ್ಪತ್ತು. ಹೀಗೇ ಏರುತ್ತಾ 0ಎಕ್ಸ್0ಬಿ ಬಂದರೆ ತಯಾರಕರು ಅಂದಾಜಿಸಿದ ಆಯಸ್ಸು ಮುಗಿದಿದೆ ಅಂತ ಅರ್ಥ.

ಸತ್ತ ಇಎಂಎಂಸಿಯ ವರ್ತನೆ ದೆವ್ವದ ಕಥೆಯಂತಿರುತ್ತದೆ. ಕೆಲವು ಚಿಪ್‌ಗಳು ಸವೆದಾಗ ಇದ್ದ ಡೇಟಾ ಉಳಿಸಲು ಓದುವುದಕ್ಕೆ ಮಾತ್ರ ಬಿಟ್ಟು ಬರೆಯುವುದನ್ನು ನಿಲ್ಲಿಸುತ್ತವೆ. ಇನ್‌ಸ್ಟಾಲರ್ ಪಾರ್ಟಿಶನ್ ಅಳಿಸಿದೆ ಅನ್ನುತ್ತದೆ. ರೀಬೂಟ್ ಮಾಡಿದರೆ ಹಳೇ ವಿಂಡೋಸ್, ಹಳೇ ವಾಲ್‌ಪೇಪರ್ ಸಮೇತ ಎದ್ದು ಕೂರುತ್ತದೆ. ಹೀಗಾದರೆ ಇನ್‌ಸ್ಟಾಲರಿನಲ್ಲಿ ತಪ್ಪು ಹುಡುಕಿ ಪ್ರಯೋಜನವಿಲ್ಲ. ಎಸ್‌ಡಿ ಕಾರ್ಡಿಗೋ ಸಣ್ಣ ಯುಎಸ್‌ಬಿ ಡ್ರೈವ್‌ಗೋ ಲಿನಕ್ಸ್ ಹಾಕಿ ಬಳಸುವುದೊಂದೇ ದಾರಿ. ಎಸ್‌ಡಿ ಕಾರ್ಡಿನಿಂದ ನೇರವಾಗಿ ಬೂಟ್ ಮಾಡಲು ಎಷ್ಟೋ ಫರ್ಮ್‌ವೇರುಗಳು ಒಪ್ಪುವುದಿಲ್ಲ. ಹಾಗಾಗಿ ಯುಎಸ್‌ಬಿ ವಾಸಿ.

ಕೊಳ್ಳುವ ಮೊದಲೇ ಈ ಫೈಲ್ ನೋಡಲು ಅಂಗಡಿಯವರು ಬಿಟ್ಟರೆ ಇನ್ನೂ ಒಳ್ಳೆಯದು. ಕೇಳಿ ನೋಡಿ, ಹೋಗುವುದೇನಿದೆ.

ಇನ್‌ಸ್ಟಾಲ್ ಮಾಡುವಾಗ

ಗ್ರಬ್ ಮೆನು ಬಂತು, ಎಂಟರ್ ಒತ್ತಿದ ಮೇಲೆ ಕಪ್ಪಾಯಿತು ಅಂದುಕೊಳ್ಳಿ. ಮತ್ತೆ ಮೆನುವಿಗೆ ಬಂದು ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂಬ ಪದದಿಂದ ಶುರುವಾಗುವ ಸಾಲಿಗೆ ಹೋಗಿ ‘ಕ್ವಯಟ್’ ಪದ ಅಳಿಸಿ. ಆಮೇಲೆ ಎಫ್10. ಈಗ ಕರ್ನೆಲ್ ಏನು ಮಾಡುತ್ತಿದೆ ಅಂತ ಒಂದೊಂದು ಸಾಲೂ ಕಾಣುತ್ತದೆ. ಕೊನೆಯ ಸಾಲನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ನಿಮಗೆ ಸಹಾಯ ಮಾಡುವವರಿಗೆ ಉದ್ದದ ವಿವರಣೆಗಿಂತ ಆ ಒಂದು ಫೋಟೋ ಜಾಸ್ತಿ ಹೇಳುತ್ತದೆ. ಗ್ರಾಫಿಕ್ಸ್ ಡ್ರೈವರಿನ ಹತ್ತಿರ ನಿಲ್ಲುತ್ತಿದ್ದರೆ ಅದೇ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ ಸೇರಿಸಿ ನೋಡಿ. ಇದು ಇನ್‌ಸ್ಟಾಲ್ ಮುಗಿಸಲು ಮಾತ್ರ. ಶಾಶ್ವತವಾಗಿ ಬಿಟ್ಟರೆ ವಿಡಿಯೋ ತೆವಳುತ್ತದೆ, ಬೆಳಕು ಹೆಚ್ಚು ಕಡಿಮೆ ಮಾಡಲೂ ಆಗದೆ ಹೋಗಬಹುದು.

ಕೆಲವು ಯಂತ್ರಗಳಲ್ಲಿ ಅಕ್ಷರಗಳು ಅಡ್ಡಡ್ಡ ಬರುತ್ತವೆ, ತಲೆ ಓರೆ ಮಾಡಿ ಓದಬೇಕು. ಟ್ಯಾಬ್ಲೆಟ್‌ಗೆಂದು ಮಾಡಿದ ಉದ್ದುದ್ದ ಪ್ಯಾನೆಲನ್ನು ತಿರುಗಿಸಿ ಕೂರಿಸಿದ್ದರ ಫಲ ಇದು. ‘ಎಫ್‌ಬಿಕಾನ್=ರೊಟೇಟ್:1’ ಎಂದು ಅದೇ ಸಾಲಿಗೆ ಸೇರಿಸಿ. ತಲೆಕೆಳಗಾದರೆ 1ರ ಬದಲು 3 ಹಾಕಿ. ಇಂಥ ಎಷ್ಟೋ ಮಾದರಿಗಳ ಪಟ್ಟಿಯೇ ಈಗ ಕರ್ನೆಲ್ಲಿನಲ್ಲಿದೆ. ಅವು ತಾವಾಗಿಯೇ ನೆಟ್ಟಗಾಗುತ್ತವೆ. ಇಂಥ ಕೆಲಸದಲ್ಲಿ ರೆಡ್ ಹ್ಯಾಟ್‌ನಲ್ಲಿದ್ದ ಹಾನ್ಸ್ ಡೆ ಗೂಡೆ ಎಂಬ ಎಂಜಿನಿಯರ್ ಅವರ ಪಾಲು ದೊಡ್ಡದು. ಬೇ ಟ್ರೇಲ್ ಯಂತ್ರಗಳ ಬ್ಯಾಟರಿ, ಸೌಂಡ್, ಟಚ್ ಸ್ಕ್ರೀನ್ ಲಿನಕ್ಸ್‌ನಲ್ಲಿ ಇಷ್ಟಾದರೂ ಕೆಲಸ ಮಾಡಲು ಅವರು ವರ್ಷಗಟ್ಟಲೆ ಕೂತು ಬರೆದ ಪ್ಯಾಚುಗಳು ಕಾರಣ. ಹಾಗಾಗಿ ಈ ಯಂತ್ರಗಳಿಗೆ ‘ಹಳೇ ಯಂತ್ರಕ್ಕೆ ಹಳೇ ಲಿನಕ್ಸ್’ ಅನ್ನೋ ಮಾತು ಒಪ್ಪುವುದಿಲ್ಲ. ಹೊಸ ಕರ್ನೆಲ್ ಇದ್ದಷ್ಟೂ ಒಳ್ಳೆಯದು.

ಇಂಟರ್ನೆಟ್‌ಗೆ ಇನ್‌ಸ್ಟಾಲರ್ ವೈಫೈ ಹುಡುಕುತ್ತದೆ. ಸಿಗದಿದ್ದರೆ ಅಲ್ಲೇ ಒದ್ದಾಡಬೇಡಿ. ಆಂಡ್ರಾಯ್ಡ್ ಫೋನನ್ನು ಕೇಬಲಿನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ಸಾದಾ ನೆಟ್‌ವರ್ಕ್ ಕಾರ್ಡಿನಂತೆ ಕಾಣುತ್ತದೆ, ಬೇರೆ ಡ್ರೈವರ್ ಬೇಡ. ಒಂದೇ ಯುಎಸ್‌ಬಿ ಪೋರ್ಟ್ ಇದ್ದರೆ ಒಂದು ಹಬ್ ಇಟ್ಟುಕೊಳ್ಳಿ.

ಟೆದರಿಂಗ್ ಸರಿ ಇದ್ದೂ ಡೌನ್‌ಲೋಡ್ ವಿಫಲವಾಗುತ್ತಿದೆಯೇ? ದಿನಾಂಕ ನೋಡಿ. ತಿಂಗಳುಗಟ್ಟಲೆ ಅಂಗಡಿಯ ಮೂಲೆಯಲ್ಲಿ ಚಾರ್ಜ್ ಇಲ್ಲದೆ ಬಿದ್ದಿದ್ದ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಅದರ ಪ್ರಕಾರ ಸರ್ವರಿನ ಫೈಲುಗಳು ಇನ್ನೂ ಹುಟ್ಟೇ ಇಲ್ಲ. ‘ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್’ ಎಂಬ ತಕರಾರು ಬಂದರೆ ಇದೇ ಕಾರಣ. ಫರ್ಮ್‌ವೇರ್ ಸೆಟ್ಟಿಂಗಿನಲ್ಲಿ ತಾರೀಖು ಸರಿಮಾಡಿದರೆ ಸಾಕು.

ಪಾರ್ಟಿಶನ್ ಮಾಡುವಾಗ ಎರಡು ಹೆಸರುಗಳಲ್ಲಿ ಗೊಂದಲವಾಗುತ್ತದೆ. ಇಎಂಎಂಸಿ ಸಾಮಾನ್ಯವಾಗಿ ‘ಎಂಎಂಸಿಬಿಎಲ್‌ಕೆ0’ ಅಂತಲೂ, ಎಸ್‌ಡಿ ಕಾರ್ಡ್ ‘ಎಂಎಂಸಿಬಿಎಲ್‌ಕೆ1’ ಅಂತಲೂ ಬರುತ್ತವೆ. ಅದಲುಬದಲಾಗುವುದೂ ಉಂಟು. ಗಾತ್ರ ನೋಡಿ ಗುರುತಿಸಿ, ಅಥವಾ ಕಾರ್ಡ್ ತೆಗೆದಿಟ್ಟುಬಿಡಿ. ಪಕ್ಕದಲ್ಲಿ ‘ಬೂಟ್0’, ‘ಬೂಟ್1’, ‘ಆರ್‌ಪಿಎಂಬಿ’ ಅಂತ ಕೊನೆಯಾಗುವ ಪುಟಾಣಿ ತುಂಡುಗಳು ಕಂಡರೆ ಮುಟ್ಟಬೇಡಿ. ಅವು ಚಿಪ್‌ನದೇ ಭಾಗ, ನಮ್ಮ ಬೂಟ್ ಪಾರ್ಟಿಶನ್‌ಗೂ ಅವಕ್ಕೂ ಸಂಬಂಧವಿಲ್ಲ. 32 ಜಿಬಿಯಲ್ಲಿ ಡ್ಯುಯಲ್ ಬೂಟ್ ಬೇಡ. ಎರಡೂ ಉಸಿರುಗಟ್ಟಿ ಕೂರುತ್ತವೆ. ಒಂದು ಸಣ್ಣ ಇಎಫ್‌ಐ ಪಾರ್ಟಿಶನ್, ಉಳಿದದ್ದೆಲ್ಲ ಒಂದೇ ಎಕ್ಸ್‌ಟಿ4 ರೂಟ್, ಅಷ್ಟೇ.

ಮುಗಿಯಿತು, ಆದರೂ ಏಳುತ್ತಿಲ್ಲ

‘ಇನ್‌ಸ್ಟಾಲೇಶನ್ ಕಂಪ್ಲೀಟ್’ ಬಂತು. ರೀಬೂಟ್ ಮಾಡಿದರೆ ‘ಬೂಟ್ ಡಿವೈಸ್ ಇಲ್ಲ’ ಅನ್ನುತ್ತದೆ. 32 ಬಿಟ್ ಗ್ರಬ್ಬೇ ಹಾಕಿದ್ದೀರಿ, ಎಲ್ಲ ಸರಿಯಿದೆ. ಮತ್ತೇನು?

ನಿಯಮದ ಪ್ರಕಾರ ಇನ್‌ಸ್ಟಾಲರ್ ‘ಇಲ್ಲಿ ಡೆಬಿಯನ್ ಇದೆ, ಈ ಫೈಲಿನಿಂದ ಎಬ್ಬಿಸು’ ಅಂತ ಫರ್ಮ್‌ವೇರಿನ ನೆನಪಿನಲ್ಲಿ ಬರೆದಿಡುತ್ತದೆ. ಒಳ್ಳೆಯ ಫರ್ಮ್‌ವೇರ್ ಅದನ್ನು ಪಾಲಿಸುತ್ತದೆ. ಅಗ್ಗದ ಯಂತ್ರಗಳ ಫರ್ಮ್‌ವೇರನ್ನು ಬರೆದವರು ಪರೀಕ್ಷೆ ಮಾಡಿದ್ದು ವಿಂಡೋಸ್ ಒಂದನ್ನೇ. ಹಾಗಾಗಿ ಕೆಲವು ಯಂತ್ರಗಳು ಬರೆದದ್ದನ್ನು ಮರೆಯುತ್ತವೆ. ಇನ್ನು ಕೆಲವು ವಿಂಡೋಸ್‌ನ ಬೂಟ್ ಫೈಲ್ ಇರುವ ಜಾಗ, ಇಲ್ಲವೇ ಪೆನ್‌ಡ್ರೈವ್‌ಗೆ ಹೇಳಿದ ಆ ಮಾಮೂಲಿ ಜಾಗ, ಇವೆರಡನ್ನು ಬಿಟ್ಟು ಬೇರೆಲ್ಲೂ ನೋಡುವುದೇ ಇಲ್ಲ.

ಪರಿಹಾರ ಸುಲಭ. ಅದು ನೋಡುವ ಜಾಗದಲ್ಲೇ ಗ್ರಬ್ ಇಡುವುದು. ಡೆಬಿಯನ್ ಇನ್‌ಸ್ಟಾಲರನ್ನು ಎಕ್ಸ್‌ಪರ್ಟ್ ಮೋಡಿನಲ್ಲಿ ಓಡಿಸಿದರೆ ‘ರಿಮೂವಬಲ್ ಮೀಡಿಯಾ ಪಾತ್‌ಗೂ ಗ್ರಬ್ ಹಾಕಲೇ’ ಅಂತ ಒಂದು ಪ್ರಶ್ನೆ ಬರುತ್ತದೆ. ಹೂಂ ಅನ್ನಿ. ಆಗಲೇ ಇನ್‌ಸ್ಟಾಲ್ ಮುಗಿಸಿದ್ದರೆ ಅದೇ ಪೆನ್‌ಡ್ರೈವ್‌ನ ರೆಸ್ಕ್ಯೂ ಮೋಡಿನಲ್ಲಿ ಎದ್ದು ಅದೇ ಆಯ್ಕೆ ಕೊಡಬಹುದು. ಇಡೀ ಸಿಸ್ಟಂ ಮತ್ತೆ ಹಾಕುವ ಅಗತ್ಯವಿಲ್ಲ. ಈ ಘಟ್ಟದಲ್ಲಿ ಮತ್ತೆ ಮತ್ತೆ ಮೊದಲಿಂದ ಇನ್‌ಸ್ಟಾಲ್ ಮಾಡುವವರನ್ನು ನೋಡಿದರೆ ಆ ಬಡಪಾಯಿ ಇಎಂಎಂಸಿಯ ಬಗ್ಗೆ ಕನಿಕರವಾಗುತ್ತದೆ.

ಎದ್ದ ಮೇಲೆ ಹೆಪ್ಪುಗಟ್ಟುವುದು

ಎಲ್ಲ ಚೆನ್ನಾಗಿದೆ ಅನ್ನುವಾಗ, ಹತ್ತು ನಿಮಿಷಕ್ಕೋ ಮೂರು ಗಂಟೆಗೋ ಒಮ್ಮೆ ಎಲ್ಲ ನಿಂತುಬಿಡುತ್ತದೆ. ಮೌಸ್ ಅಲ್ಲಾಡುವುದಿಲ್ಲ, ಹಾಡು ಕೇಳುತ್ತಿದ್ದರೆ ಅದೇ ಒಂದು ಸ್ವರ ಎಳೆಯುತ್ತದೆ. ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯಿಲ್ಲ. ಲಾಗ್ ನೋಡಿದರೆ ಅಲ್ಲೂ ಏನೂ ಬರೆದಿರುವುದಿಲ್ಲ.

ಕೆಲಸವಿಲ್ಲದಾಗ ಪ್ರೊಸೆಸರ್ ನಿದ್ದೆಗೆ ಜಾರುತ್ತದೆ. ಆ ನಿದ್ದೆಯಲ್ಲಿ ಹಂತಗಳಿವೆ, ಸಿ1 ಅಂದರೆ ತೂಕಡಿಕೆ, ಸಿ6, ಸಿ7 ಅಂದರೆ ಗಾಢ ನಿದ್ದೆ. ಬೇ ಟ್ರೇಲ್ ಚಿಪ್‌ಗಳು ಗಾಢ ನಿದ್ದೆಗೆ ಹೋಗಿ ಬರುವಾಗ ಕೆಲವೊಮ್ಮೆ ಏಳುತ್ತಲೇ ಇರಲಿಲ್ಲ. ಕರ್ನೆಲ್ ದೋಷಗಳ ದಾಖಲೆಯಲ್ಲಿ ಇದರ ಸಂಖ್ಯೆ 109051, ಆ ಕಾಲದ ಲಿನಕ್ಸ್ ಬಳಕೆದಾರರಿಗೆ ಬಾಯಿಪಾಠವಾಗಿದ್ದ ಸಂಖ್ಯೆ. ಹೊಸ ಕರ್ನೆಲ್‌ಗಳಲ್ಲಿ ತುಂಬ ಸುಧಾರಿಸಿದೆ. ಆದರೂ ಹೆಪ್ಪುಗಟ್ಟುತ್ತಿದ್ದರೆ ಗ್ರಬ್‌ನ ಆ ಲಿನಕ್ಸ್ ಸಾಲಿಗೆ ‘ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1’ ಸೇರಿಸಿ ಒಂದು ದಿನ ಬಳಸಿ ನೋಡಿ. ಹೆಪ್ಪುಗಟ್ಟುವುದು ನಿಂತಿತೆಂದರೆ ಇಟಿಸಿ, ಡಿಫಾಲ್ಟ್, ಗ್ರಬ್ ಹಾದಿಯ ಫೈಲಿನಲ್ಲಿ ಅದನ್ನೇ ಬರೆದು ‘ಅಪ್‌ಡೇಟ್-ಗ್ರಬ್’ ಕೊಡಿ. ಪ್ರೊಸೆಸರ್ ತೂಕಡಿಸುತ್ತಲೇ ಇರುವುದರಿಂದ ಬ್ಯಾಟರಿ ಬೇಗ ಮುಗಿಯುತ್ತದೆ. ಹಾಗಾಗಿ ಬೇಡದಿದ್ದರೆ ಹಾಕಬೇಡಿ.

ಇದನ್ನು ರ‍್ಯಾಮ್ ತುಂಬಿ ನಿಲ್ಲುವುದರ ಜೊತೆ ಬೆರೆಸಬಾರದು. ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆರೆದಾಗಲೇ ನಿಲ್ಲುತ್ತದೆ, ಮೌಸ್ ಎಳೆದೆಳೆದು ಚಲಿಸುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಬದುಕುತ್ತದೆ ಅಂದರೆ ಅದು 2 ಜಿಬಿಯ ಮಿತಿ. ಇದಕ್ಕೆ ಝಡ್‌ರ‍್ಯಾಮ್ ಹಾಕಿ. ಅದು ರ‍್ಯಾಮಿನ ಒಂದು ಭಾಗದಲ್ಲಿ ಬಳಕೆಯಿಲ್ಲದ ಡೇಟಾವನ್ನು ಹಿಂಡಿ ಒತ್ತರಿಸಿಡುತ್ತದೆ. ಇಎಂಎಂಸಿ ಮೇಲೆ ಸ್ವಾಪ್ (ರ‍್ಯಾಮ್ ಸಾಲದಾಗ ಡಿಸ್ಕಿಗೆ ಸರಿಸುವ ಡೇಟಾ) ಬರೆಯುವುದಕ್ಕಿಂತ ಎಷ್ಟೋ ವೇಗ, ಸವೆತವೂ ಇಲ್ಲ. ಫೆಡೋರಾದಲ್ಲಿ 2020ರಿಂದ ಇದು ತಾನಾಗಿಯೇ ಇರುತ್ತದೆ. ಡೆಬಿಯನ್‌ನಲ್ಲಿ ‘ಝಡ್‌ರ‍್ಯಾಮ್-ಟೂಲ್ಸ್’ ಪ್ಯಾಕೇಜ್ ಹಾಕಿಕೊಳ್ಳಬೇಕು. ಡೆಸ್ಕ್‌ಟಾಪ್ ವಿಷಯಕ್ಕೆ ಬಂದರೆ ಹಗುರವಾದ ಎಲ್‌ಎಕ್ಸ್‌ಕ್ಯೂಟಿ ಅಥವಾ ಎಕ್ಸ್‌ಎಫ್‌ಸಿಇ. ಗ್ನೋಮ್ ಚೆಂದವೇ, ಆದರೆ ಇಲ್ಲಿ ಬೇಡ.

ಹೆಪ್ಪುಗಟ್ಟುವಿಕೆಗೆ ಲೆಕ್ಕವೇ ಸಿಗದಿದ್ದರೆ ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ಪ್ಲಸ್ ಓಡಿಸಿ. ಅದರ ಆರನೇ ಆವೃತ್ತಿಯಿಂದ 32 ಬಿಟ್ ಯುಇಎಫ್‌ಐನಲ್ಲೂ ಓಡುತ್ತದೆ. ರ‍್ಯಾಮ್ ಕೂಡ ಬೆಸುಗೆ ಹಾಕಿದ್ದೇ. ಅದರಲ್ಲಿ ದೋಷ ಕಂಡರೆ ಯಂತ್ರ ವಾಪಸ್ ಕೊಡಲು ಆಗುತ್ತಾ ಅಂತ ಕೇಳುವುದೇ ಮುಂದಿನ ಹೆಜ್ಜೆ.

ವೈಫೈ, ಸೌಂಡ್, ನಿದ್ದೆ

ವೈಫೈ ಬರದಿದ್ದಾಗ ಜನ ‘ಎಲ್‌ಎಸ್‌ಪಿಸಿಐ’, ‘ಎಲ್‌ಎಸ್‌ಯುಎಸ್‌ಬಿ’ ಕೊಟ್ಟು, ಎರಡರಲ್ಲೂ ವೈಫೈ ಕಾಣದೆ, ಹಾರ್ಡ್‌ವೇರ್ ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ಟ್ಯಾಬ್ಲೆಟ್ ಅಂದೆನಲ್ಲ, ಇಲ್ಲಿ ವೈಫೈ ಚಿಪ್ ಕೂತಿರುವುದು ಎಸ್‌ಡಿಐಒ ಎಂಬ ಮೂರನೇ ದಾರಿಯಲ್ಲಿ. ಎಸ್‌ಡಿ ಕಾರ್ಡ್ ಬಳಸುವ ತಂತಿಗಳದೇ ಜಾತಿ. ಹಾಗಾಗಿ ಆ ಎರಡು ಕಮಾಂಡಿಗೂ ಅದು ಕಾಣುವುದಿಲ್ಲ. ಸಿಸ್, ಬಸ್, ಎಸ್‌ಡಿಐಒ, ಡಿವೈಸಸ್ ಫೋಲ್ಡರಿನಲ್ಲಿ ಇಣುಕಿ.

ಅಲ್ಲಿ ಸಿಗುವುದು ಹೆಚ್ಚಾಗಿ ಎರಡರಲ್ಲೊಂದು. ರಿಯಲ್‌ಟೆಕ್ 8723ಬಿಎಸ್ ಆದರೆ ಅದರ ಡ್ರೈವರ್ 2017ರ ಕರ್ನೆಲ್ 4.12ರಿಂದ ಒಳಗೇ ಇದೆ. ಅದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಮನೆಯ ರೂಟರ್ ಅಥವಾ ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಹೆಸರೂ ತೋರಿಸುವುದಿಲ್ಲ. ಬ್ರಾಡ್‌ಕಾಮ್ ಆದರೆ ಫರ್ಮ್‌ವೇರ್ ಜೊತೆಗೆ ಆ ಬೋರ್ಡಿಗೇ ಹೊಂದುವ ಒಂದು ಸಣ್ಣ ಪಠ್ಯ ಫೈಲು ಬೇಕು. ಆಂಟೆನಾ, ಶಕ್ತಿ ಇವುಗಳ ಹೊಂದಾಣಿಕೆ ಅದರಲ್ಲಿರುತ್ತದೆ. ಹಲವು ಯಂತ್ರಗಳಲ್ಲಿ ಅದು ಫರ್ಮ್‌ವೇರಿನಲ್ಲೇ ಅಡಗಿರುತ್ತದೆ, ಹೊಸ ಕರ್ನೆಲ್ ತಾನೇ ಓದಿಕೊಳ್ಳುತ್ತದೆ. ಇಲ್ಲದಿದ್ದರೆ ‘ಡಿಮೆಸ್‌ಜಿ’ ಲಾಗಿನಲ್ಲಿ ಯಾವ ಹೆಸರಿನ ಫೈಲ್ ಸಿಗಲಿಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ವಿಂಡೋಸ್‌ನಿಂದ ತೆಗೆದಿಟ್ಟ ಫೋಲ್ಡರಿನಲ್ಲಿ ‘ಎನ್‌ವಿರ‍್ಯಾಮ್’ ಅಂತ ಹೆಸರಿರುವ ಪಠ್ಯ ಫೈಲನ್ನು ಹುಡುಕಿ, ಲಾಗ್ ಕೇಳಿದ ಹೆಸರು ಕೊಟ್ಟು, ಅದು ಹುಡುಕಿದ ಜಾಗದಲ್ಲೇ ಇಡಿ. ಡೆಬಿಯನ್ 12ರಿಂದ, ಅಂದರೆ 2023ರಿಂದ, ಮುಕ್ತವಲ್ಲದ ಫರ್ಮ್‌ವೇರುಗಳೂ ಇನ್‌ಸ್ಟಾಲರ್ ಜೊತೆಗೇ ಬರುತ್ತವೆ. ಹಾಗಾಗಿ ಉಳಿದದ್ದು ತಾನಾಗಿಯೇ ಆಗಿರುತ್ತದೆ.

ಸೌಂಡ್ ಬರದಿದ್ದರೆ ಮೊದಲು ಎಚ್‌ಡಿಎಂಐ ಆಯ್ಕೆಯಾಗಿದೆಯೇ ನೋಡಿ. ‘ಪ್ಯಾವುಕಂಟ್ರೋಲ್’ ಎಂಬ ಸೌಂಡ್ ಟೂಲ್ ತೆರೆದು ಸ್ಪೀಕರ್ ಆರಿಸಿದರೆ ಅರ್ಧ ಜನರ ತೊಂದರೆ ಮುಗಿಯುತ್ತದೆ. ‘ಡಮ್ಮಿ ಔಟ್‌ಪುಟ್’ ಮಾತ್ರ ಕಂಡರೆ ಸೌಂಡ್ ಫರ್ಮ್‌ವೇರ್ ಮತ್ತು ‘ಅಲ್ಸಾ-ಯುಸಿಎಂ-ಕಾನ್ಫ್’ ಪ್ಯಾಕೇಜ್ ಇವೆಯೇ ಪರೀಕ್ಷಿಸಿ.

ಮುಚ್ಚಳ ಮುಚ್ಚಿದಾಗಿನ ನಿದ್ದೆ ಇವುಗಳಲ್ಲಿ ನಂಬುವಂಥದ್ದಲ್ಲ. ಫೋನಿನಂತೆ ಅರೆನಿದ್ದೆ ಮಾಡಲು ಇವನ್ನು ಮಾಡಿದ್ದು. ಲಿನಕ್ಸ್‌ನಲ್ಲಿ ಆ ಅರೆನಿದ್ದೆಯಲ್ಲೂ ಬ್ಯಾಟರಿ ಸೋರುತ್ತಿರುತ್ತದೆ. ಇದರ ಹಿಂದೆ ಬಿದ್ದು ವಾರ ಕಳೆಯುವುದಕ್ಕಿಂತ ಮುಚ್ಚಳ ಮುಚ್ಚಿದರೆ ಸ್ಕ್ರೀನ್ ಆರುವಂತೆ ಮಾಡಿ, ಕೆಲಸ ಮುಗಿದಾಗ ಶಟ್‌ಡೌನ್ ಮಾಡಿಬಿಡಿ. ಹಗುರ ಡೆಸ್ಕ್‌ಟಾಪ್ ಇದ್ದರೆ ಬೂಟ್ ಆಗಲು ಜಾಸ್ತಿ ಹೊತ್ತು ಬೇಡ.

ಕನ್ನಡದ ಮಟ್ಟಿಗೆ ಇಲ್ಲಿ ಕಷ್ಟವಿಲ್ಲ. ಡೆಬಿಯನ್ ಇನ್‌ಸ್ಟಾಲರ್ ಕನ್ನಡದಲ್ಲೇ ಓಡುತ್ತದೆ. ಗುಬ್ಬಿ, ನವಿಲು ಫಾಂಟುಗಳು ಪ್ಯಾಕೇಜ್ ರೂಪದಲ್ಲೇ ಸಿಗುತ್ತವೆ. ಟೈಪಿಂಗ್‌ಗೆ ಐಬಸ್ ಹಾಕಿಕೊಳ್ಳುವುದು ರೂಢಿ. 2 ಜಿಬಿ ಯಂತ್ರದಲ್ಲಿ ನಾನಾದರೆ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿರುವ ‘ಕನ್ನಡ, ಕಗಪ’ವನ್ನೇ ಆರಿಸುತ್ತೇನೆ. ನುಡಿಯ ವಿನ್ಯಾಸಕ್ಕೆ ಹತ್ತಿರದ್ದು, ಲಿನಕ್ಸ್‌ನ ಕೀಬೋರ್ಡ್ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲಿ ಮೊದಲೇ ಇರುತ್ತದೆ, ಹಿನ್ನೆಲೆಯಲ್ಲಿ ಬೇರೆ ಪ್ರೋಗ್ರಾಂ ಓಡುವುದಿಲ್ಲ. ಇಂಗ್ಲಿಷ್ ಮತ್ತು ಕಗಪ ನಡುವೆ ಬದಲಾಯಿಸಲು ಆಲ್ಟ್ ಶಿಫ್ಟ್‌ನಂಥ ಒಂದು ಜೋಡಿ ಕೀಯನ್ನು ಅದೇ ಸೆಟ್ಟಿಂಗಿನಲ್ಲಿ ಕೊಟ್ಟುಕೊಳ್ಳಿ.